ಲಕ್ಷದ್ವೀಪದ ಹಡಗಿನಲ್ಲಿ ಅವೊಮಿನ್: ಘಾಟಿಯ ಮಾತ್ರೆ ಕಡಲಿಗೂ ಸಾಕೇ?

ಚಾರ್ಮಾಡಿ, ಆಗುಂಬೆ ಘಾಟಿಗಳ ತಿರುವುಗಳಲ್ಲಿ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕುಳಿತವರಿಗೆಲ್ಲ, ಪ್ರಯಾಣದ ವಾಕರಿಕೆಯನ್ನು ತಡೆಯುವ ಅವೊಮಿನ್ ಹಳೆಯ ಪರಿಚಯದ ಮಾತ್ರೆ. ಕೊಚ್ಚಿಯಿಂದ ಎಂ.ವಿ. ಕವರತ್ತಿ ಹಡಗಿನಲ್ಲಿ ಲಕ್ಷದ್ವೀಪದ 'ಸಮುದ್ರಂ' ಪ್ರವಾಸಕ್ಕೆ ಹೊರಟಾಗಲೂ ನಾನು ನೆಚ್ಚಿಕೊಂಡದ್ದು ಇದನ್ನೇ. ಜೊತೆಗೆ ಮಣಿಕಟ್ಟಿಗೆ ತೊಡುವ ಒತ್ತುಪಟ್ಟಿಯನ್ನೂ ಒಂದಿಷ್ಟು ಶುಂಠಿಯನ್ನೂ ಒಯ್ದಿದ್ದೆ. ಕೊಟ್ಟ ಹಣಕ್ಕೆ ಮೋಸವಿಲ್ಲದ್ದು ಮಾತ್ರೆಯೇ, ಆದರೆ ಅದನ್ನು ನುಂಗುವ ಹೊತ್ತು ತಪ್ಪಿದರೆ ಅದರಿಂದಲೂ ಹೆಚ್ಚಿನ ಉಪಯೋಗವಿಲ್ಲ.

ಘಾಟಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಕೊಚ್ಚಿಯಿಂದ ದ್ವೀಪಗಳಿಗೆ, ಯಾವ ದ್ವೀಪವೆಂಬುದನ್ನು ಅವಲಂಬಿಸಿ, 14ರಿಂದ 18 ಗಂಟೆಗಳ ಹಾದಿ. ಸಮುದ್ರಂ ಪ್ರವಾಸದಲ್ಲಂತೂ ಹಗಲು ದ್ವೀಪದಲ್ಲಿ ಕಳೆದರೂ ರಾತ್ರಿಯ ವಾಸ ಹಡಗಿನಲ್ಲೇ. ಒಳಕಿವಿಯಲ್ಲಿರುವ ಸಮತೋಲನದ ಅಂಗವು ದೇಹ ಏರಿಳಿಯುತ್ತಿದೆಯೆಂದು ಮಿದುಳಿಗೆ ತಿಳಿಸುತ್ತಿರುವಾಗ, ಕ್ಯಾಬಿನ್ನಿನ ಗೋಡೆಯನ್ನು ನೋಡುತ್ತಿರುವ ಕಣ್ಣು ಎಲ್ಲವೂ ನಿಶ್ಚಲವಾಗಿದೆಯೆಂದು ತಿಳಿಸುವುದರಿಂದ ಈ ಹೊಟ್ಟೆ ತೊಳೆಸುವಿಕೆ ಹುಟ್ಟುತ್ತದೆ. ಸುಮಾರು ಐದು ಸೆಕೆಂಡಿಗೊಮ್ಮೆ ಏರಿ ಇಳಿಯುವ ನಿಧಾನವಾದ ತೂಗಾಟವೇ ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಇದು ಮನೋದೌರ್ಬಲ್ಯವೆಂದು ನಗುವವರು, ಬ್ರಿಟನ್ನಿನ ನೌಕಾಪತಿ ನೆಲ್ಸನ್‌ಗೂ ಜೀವನಪರ್ಯಂತ ಈ ಬಾಧೆ ಇತ್ತೆಂಬುದನ್ನು ನೆನೆಯಬೇಕು.

ಅವೊಮಿನ್‌ನಲ್ಲಿರುವುದು 25 ಮಿಲಿಗ್ರಾಂ ಪ್ರೊಮೆಥಜೀನ್ ಥಿಯೋಕ್ಲೇಟ್ ಎಂಬ ಔಷಧ. ಘಾಟಿಯ ಪ್ರಯಾಣಕ್ಕೆ ಬಸ್ಸು ಹತ್ತುವ ಒಂದೆರಡು ಗಂಟೆ ಮೊದಲು ನುಂಗಿದರೆ ಸಾಕು. ದೀರ್ಘ ಸಮುದ್ರಯಾನಕ್ಕೆ ಮಾತ್ರ ಹೊರಡುವ ಹಿಂದಿನ ರಾತ್ರಿಯೇ ಮಲಗುವ ಮುನ್ನ ಆರಂಭಿಸಿ, ಪ್ರತಿ ರಾತ್ರಿ ಒಂದರಂತೆ ತೆಗೆದುಕೊಳ್ಳುವುದು ಕ್ರಮ. ಬಹುಮಂದಿ ಎಡವುವುದು ಇಲ್ಲಿಯೇ. ವಾಕರಿಕೆ ಬಂದ ಮೇಲೆ ನೋಡಿಕೊಳ್ಳೋಣವೆಂದು ಕಾದವರ ಜಠರವು ಆ ಹೊತ್ತಿಗೆ ತನ್ನ ಕೆಲಸವನ್ನೇ ನಿಧಾನಗೊಳಿಸಿರುತ್ತದೆ, ನುಂಗಿದ ಮಾತ್ರೆ ರಕ್ತಕ್ಕೆ ಸೇರುವ ಮೊದಲೇ ವಾಂತಿಯಲ್ಲಿ ಹೊರಬೀಳುತ್ತದೆ. ಕ್ರಮ ತಪ್ಪದೆ ತೆಗೆದುಕೊಂಡ ನನಗೆ ರಾತ್ರಿಯ ತೂಗಾಟ ತಿಳಿಯುತ್ತಿತ್ತೇ ಹೊರತು ಹೊಟ್ಟೆ ಕೆಡಲಿಲ್ಲ.

ಇದಕ್ಕೆ ತೆರಬೇಕಾದ ಬೆಲೆ ನಿದ್ದೆ. ಬಾಯಿ ಒಣಗುತ್ತದೆ, ಬೆಳಿಗ್ಗೆಯೂ ಮಂಪರು ಪೂರ್ತಿ ಬಿಟ್ಟಿರುವುದಿಲ್ಲ. ಆ ಸ್ಥಿತಿಯಲ್ಲಿ ಸ್ನಾರ್ಕೆಲಿಂಗ್‌ಗೆ ನೀರಿಗಿಳಿಯುವುದು ಜಾಣತನವಲ್ಲ. ಮದ್ಯದೊಡನೆ ಈ ಮಾತ್ರೆ ಕೂಡದು. ಬಂಗಾರಂ ದ್ವೀಪದ ಹೊರತು ಲಕ್ಷದ್ವೀಪದಲ್ಲಿ ಪಾನನಿಷೇಧವಿರುವುದರಿಂದ ಇಲ್ಲಿ ಆ ಚಿಂತೆ ಕಡಿಮೆಯಾದರೂ, ಮುಂಬೈಯಿಂದ ಹೊರಡುವ ವಿಲಾಸಿ ಹಡಗುಗಳಲ್ಲಿ ಇದನ್ನು ಮರೆಯುವಂತಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ಗ್ಲಾಕೋಮಾ ಎಂಬ ಕಣ್ಣಿನ ರೋಗ ಅಥವಾ ಪ್ರಾಸ್ಟೇಟ್ ತೊಂದರೆ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಒತ್ತುಪಟ್ಟಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಂಗೈ ಬದಿಯಲ್ಲಿ, ಮಣಿಕಟ್ಟಿನ ಗೆರೆಯಿಂದ ಮೊಣಕೈಯ ಕಡೆಗೆ ಮೂರು ಬೆರಳು ದೂರದಲ್ಲಿ, ಎರಡು ಸ್ನಾಯುರಜ್ಜುಗಳ ನಡುವಿನ ಬಿಂದುವನ್ನು ಅದರ ಗುಂಡಿ ಒತ್ತುತ್ತಿರುತ್ತದೆ. ಕಡಲ ವಾಕರಿಕೆಯ ಮಟ್ಟಿಗೆ ಇದರ ಪರೀಕ್ಷೆಗಳ ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ. ಅಪಾಯವಿಲ್ಲ, ಮಂಪರಿಲ್ಲ, ಆದರೆ ಅವೊಮಿನ್ ಮಾತ್ರೆಗಳ ಒಂದು ಸ್ಟ್ರಿಪ್ಪಿನ ಹಲವು ಪಟ್ಟು ಬೆಲೆ ಕೊಡುವಷ್ಟು ಗುಣ ನನಗಂತೂ ಕಾಣಲಿಲ್ಲ. ಶುಂಠಿ ಇದಕ್ಕಿಂತ ಮೇಲು: ಸಣ್ಣ ವಾಕರಿಕೆಯನ್ನು ತಡೆಯುತ್ತದೆ, ಸಮುದ್ರ ಕೆರಳಿದಾಗ ಅದರ ಆಟ ನಡೆಯುವುದಿಲ್ಲ. ಅಮೆರಿಕದಲ್ಲಿರುವ ನಮ್ಮವರು ಕ್ರೂಸ್‌ಗೆ ಹೋಗುವಾಗ ವೈದ್ಯರ ಚೀಟಿಯ ಮೇಲೆ ಪಡೆಯುವ, ಚರ್ಮಕ್ಕೆ ಅಂಟಿಸುವ ಔಷಧವಾದ ಸ್ಕೊಪೊಲಮಿನ್ ಪ್ಯಾಚ್ ಬೇರೆಯದೇ ದರ್ಜೆಯದು. ಹೊರಡುವ ಕನಿಷ್ಠ ನಾಲ್ಕು ಗಂಟೆ ಮೊದಲು ಕಿವಿಯ ಹಿಂದೆ ಅಂಟಿಸಿದರೆ ಮೂರು ದಿನ ಕೆಲಸ ಮಾಡುತ್ತದೆ. ಅಂಟಿಸಿದ ಕೈಯನ್ನು ತೊಳೆಯದೆ ಕಣ್ಣುಜ್ಜಿಕೊಂಡರೆ ದೃಷ್ಟಿ ಮಸುಕಾಗುತ್ತದೆ.

ಮಾತ್ರೆಯಷ್ಟೇ ಮುಖ್ಯವಾದದ್ದು ಮಲಗುವ ಜಾಗ. ಟಿಕೆಟ್ ಕಾಯ್ದಿರಿಸುವವರು ಇಬ್ಬರ ಡೈಮಂಡ್ ಕ್ಯಾಬಿನ್ನೋ ನಾಲ್ವರ ಗೋಲ್ಡ್ ಕ್ಯಾಬಿನ್ನೋ ಎಂದು ಲೆಕ್ಕ ಹಾಕುತ್ತಾರೆ. ಅದಕ್ಕಿಂತ, ಹಡಗಿನ ನಡುಭಾಗಕ್ಕೆ ಹತ್ತಿರವಾಗಿ, ಆದಷ್ಟು ಕೆಳಗಿನ ಅಂತಸ್ತಿನಲ್ಲಿ ಸಿಗಬಹುದೇ ಎಂದು ವಿಚಾರಿಸುವುದು ಲೇಸು, ಏಕೆಂದರೆ ಮೂತಿ ಮತ್ತು ಬಾಲದ ಕಡೆ ಏರಿಳಿತ ಹೆಚ್ಚು. ಎಚ್ಚರವಿರುವಾಗ ಮೊಬೈಲನ್ನು ಬದಿಗಿಟ್ಟು ಡೆಕ್ಕಿಗೆ ಬಂದು ದಿಗಂತವನ್ನು ನೋಡುತ್ತ ನಿಂತರೆ ಕಣ್ಣು ಮತ್ತು ಕಿವಿಯ ಜಗಳ ತಗ್ಗುತ್ತದೆ. ಹಡಗು ದ್ವೀಪದ ಸುತ್ತಲಿನ ಆಳವಿಲ್ಲದ ಲಗೂನಿನ ಹೊರಗೆ ಲಂಗರು ಹಾಕಿ ಪ್ರಯಾಣಿಕರನ್ನು ದೋಣಿಗೆ ಇಳಿಸುವ ಹೊತ್ತೂ ಕಠಿಣವೇ. ದೊಡ್ಡ ಹಡಗಿನಲ್ಲಿ ಸುಖವಾಗಿದ್ದವರೂ ಆ ಸಣ್ಣ ದೋಣಿಯಲ್ಲಿ ಬಾಯಿಗೆ ಕೈ ಹಿಡಿಯುವುದುಂಟು.

ಕೊಚ್ಚಿಯಲ್ಲಿ ಇಳಿದ ಮೇಲೆ ನೆಲವೇ ತೂಗುತ್ತಿರುವಂತೆ ಅನ್ನಿಸಿದರೆ ಮತ್ತೊಂದು ಅವೊಮಿನ್ ನುಂಗಬೇಕಾಗಿಲ್ಲ. ಸಾಮಾನ್ಯವಾಗಿ ಅದು ಒಂದೆರಡು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ವಾರಗಟ್ಟಲೆ ಉಳಿದರೆ ಕಿವಿ ತಜ್ಞರಿಗೆ ತೋರಿಸಬೇಕು.