ಬಿಡಿ ಮೂಳೆಗಳ ಪ್ಲಾಸ್ಟಿಕ್ ಸೆಟ್: ಹೆಸರು ಕಲಿಯಲು ಸಾಕು, ವಯಸ್ಸು ಹೇಳಲು ಸಾಲದು

5ಕ್ಕೆ 3 ಸ್ಟಾರ್. ನಾನು ಪುರಾತತ್ವ ಓದುತ್ತಿರುವವನು. ಮೂಳೆ ಗುರುತಿಸುವುದನ್ನು ಕಲಿಯಲೆಂದೇ ಆನ್‌ಲೈನ್‌ನಲ್ಲಿ ಮನುಷ್ಯನ ಮೂಳೆಗಳ ಆಳೆತ್ತರದ ಈ ಸೆಟ್ ತರಿಸಿದೆ. ವಿನೋಬನಗರದ ರೂಮಿನಲ್ಲಿ ಅದನ್ನು ಹರಡಿಕೊಂಡಾಗ ಓನರ್ ಆಂಟಿ ಇಣುಕಿ, "ಅಮಾವಾಸ್ಯೆ ದಿನ ಮಾತ್ರ ತೆಗೀಬೇಡಪ್ಪ" ಅಂದರು.

ತಲೆಬುರುಡೆ ಚೆನ್ನಾಗಿದೆ. ಸೊಂಟದ ಮೂಳೆಯ ಸಯಾಟಿಕ್ ನಾಚ್ (ಹಿಂಬದಿಯ ಕಚ್ಚು) ಕಿರಿದಾಗಿದೆ, ಹಾಗಾಗಿ ಗಂಡಿನ ಅಚ್ಚು ಅನ್ನಬಹುದು. ಹೆಂಗಸರಲ್ಲಿ ಆ ಕಚ್ಚು ಸಾಮಾನ್ಯವಾಗಿ ಅಗಲ.

ಬೇಜಾರಾಗಿದ್ದು ಪ್ಯೂಬಿಕ್ ಸಿಂಫಿಸಿಸ್ ನೋಡಿ. ಎರಡು ಸೊಂಟದ ಮೂಳೆಗಳು ಮುಂದುಗಡೆ ಕೂಡುವ ಜಾಗ ಅದು. ಹರೆಯದಲ್ಲಿ ಅಲ್ಲಿ ಉಬ್ಬುತಗ್ಗಿನ ಗೆರೆಗಳಿರುತ್ತವೆ. ವಯಸ್ಸಾದಂತೆ ಗೆರೆ ಸವೆದು ಸಪಾಟಾಗುತ್ತದೆ, ಸುತ್ತ ಅಂಚು ಕಟ್ಟುತ್ತದೆ, ಆಮೇಲೆ ಆ ಅಂಚೂ ಹಾಳಾಗುತ್ತದೆ. ಟಾಡ್ ಎಂಬ ವಿಜ್ಞಾನಿ 1920ರಲ್ಲೇ ಇದನ್ನು 10 ಹಂತಗಳಾಗಿ ವಿಂಗಡಿಸಿದ್ದರು. ಈ ಸೆಟ್‌ನಲ್ಲಿ ಸರಿಯಾಗಿ ಅದೇ ಜಾಗಕ್ಕೆ ಸ್ಕ್ರೂ ತೂತು ಕೊರೆದಿದ್ದಾರೆ! ಇನ್ನು ವಯಸ್ಸು ಎಲ್ಲಿಂದ ಓದುವುದು?

ಒಂದು ಕೈಯಲ್ಲಿ 27 ಮೂಳೆ. ಅಷ್ಟನ್ನೂ ತಂತಿಯಲ್ಲಿ ಪೋಣಿಸಿಟ್ಟಿದ್ದಾರೆ. ಉತ್ಖನನದಲ್ಲಿ ಯಾವ ಮೂಳೆಯೂ ಹೀಗೆ ಪೋಣಿಸಿಕೊಂಡು ಸಿಗುವುದಿಲ್ಲ ಅಲ್ವಾ? ಮೊದಲ ಮಳೆಗಾಲಕ್ಕೇ ತಂತಿಗೆ ತುಕ್ಕು ಹಿಡಿಯಿತು, ದವಡೆಯ ಸ್ಪ್ರಿಂಗ್‌ಗೂ. ಗಂಟಲಿನ ಹಯಾಯ್ಡ್ ಮೂಳೆ ಇಲ್ಲವೇ ಇಲ್ಲ. ಕತ್ತು ಹಿಸುಕಿದ ಅನುಮಾನವಿದ್ದರೆ ಫೊರೆನ್ಸಿಕ್‌ನವರು ಮುರಿದಿದೆಯಾ ಅಂತ ನೋಡುವ ಮೂಳೆ ಅದು. ಕೇಳಿದ್ದಕ್ಕೆ ಅಂಗಡಿಯವರು "ಅದು ಸೆಟ್‌ನಲ್ಲಿ ಬರಲ್ಲ ಸರ್" ಎಂದು ಮೆಸೇಜ್ ಹಾಕಿ ಸುಮ್ಮನಾದರು.

ಪುರಾತತ್ವದವರಿಗೆ ಇನ್ನೊಂದು ಮಾತು. ಹಳೆಯ ಊರುಗಳ ಉತ್ಖನನದಲ್ಲಿ ನಮ್ಮ ಕೈಗೆ ಜಾಸ್ತಿ ಬರುವುದು ಪ್ರಾಣಿಗಳ ಮೂಳೆ. ಮಲೆನಾಡಿನ ಹುಳಿ ಮಣ್ಣಿನಲ್ಲಿ ಅವೂ ಬೇಗ ಕರಗುತ್ತವೆ. ಪಕ್ಕದ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಉಳಿದಿದ್ದವು. 1965ರಲ್ಲಿ ಅಲ್ಲಿ ಉತ್ಖನನ ನಡೆಯಿತು. ಸಿಕ್ಕ ಮೂಳೆಗಳಲ್ಲಿ ಕುದುರೆಯದ್ದೂ ಇದೆ ಎಂದು ಪಶುವೈದ್ಯ ಕೆ.ಆರ್. ಆಲೂರ ಗುರುತಿಸಿದ್ದು, ಅಷ್ಟು ಹಳೆಯ ಕಾಲದಲ್ಲೇ ಇಲ್ಲಿ ಕುದುರೆ ಇತ್ತೇ ಎಂಬ ದೊಡ್ಡ ಚರ್ಚೆಯನ್ನೇ ಎಬ್ಬಿಸಿತು. ಅಂಥ ಕೆಲಸಕ್ಕೆ ಮನುಷ್ಯನ ಸೆಟ್ ಇಟ್ಟುಕೊಂಡು ಏನು ಮಾಡುವುದು? ನಾನಂತೂ ಮಟನ್ ಅಂಗಡಿಯಿಂದ ಕಾಲು ತಂದು, ನೀರಲ್ಲಿ ಕೊಳೆಸಿ ತೊಳೆದು ಇಟ್ಟುಕೊಂಡಿದ್ದೇನೆ. ನೀವೂ ಮಾಡುವುದಾದರೆ ಬ್ಲೀಚ್ ಮುಟ್ಟಬೇಡಿ, ಮೂಳೆ ಪುಡಿಪುಡಿಯಾಗುತ್ತದೆ. ಆಡೋ ಕುರಿಯೋ ಅಂತ ಕೊಯ್ಯುವವರ ಹತ್ತಿರವೇ ಕೇಳಿ ಚೀಟಿ ಕಟ್ಟಿಡಿ. ಆಮೇಲೆ ಬರೀ ಮೂಳೆ ನೋಡಿ ಹೇಳುವುದು ಬಹಳ ಕಷ್ಟ.

ಪ್ಯಾರಾಮೆಡಿಕಲ್ ಮಕ್ಕಳಿಗೆ ಹೆಸರು ಬಾಯಿಪಾಠ ಮಾಡಲು ಇದು ಧಾರಾಳವಾಗಿ ಸಾಕು. ನಮ್ಮಂಥವರು ಪೂರ್ತಿ ಸೆಟ್ ಬಿಟ್ಟು, ಅದೇ ದುಡ್ಡಿಗೆ ಒಳ್ಳೆ ಅಚ್ಚಿನ ಸೊಂಟದ ಮೂಳೆಯೊಂದನ್ನೇ ತಗೊಳ್ಳಿ.