ಶಟಲ್ ಆಡಿ ಬಂದ ರಾತ್ರಿ ಈ ಬ್ಯಾಂಡ್ ಹೇಳುವ ಸುಳ್ಳು

ಎರಡು ಸಾವಿರ ರೂಪಾಯಿ ಒಳಗಿನ ಫಿಟ್‌ನೆಸ್ ಬ್ಯಾಂಡ್ ಇದು. ಕೈಗೆ ಕಟ್ಟಿಕೊಂಡು ವರ್ಷದ ಮೇಲಾಯಿತು. ಸ್ಕ್ರೀನ್, ಬ್ಯಾಟರಿ ವಿಷಯ ಡಬ್ಬಿ ಮೇಲೇ ಇದೆ, ಬಿಡಿ. ನಾನು ತೆಗೆದುಕೊಂಡಿದ್ದು ಒಂದೇ ಕಾರಣಕ್ಕೆ. ರಾತ್ರಿ ಆಡಿ ಬಂದರೆ ನಿದ್ದೆ ಕೆಡುತ್ತದಾ, ಇಲ್ವಾ ಎಂದು ತಿಳಿಯಬೇಕಿತ್ತು.

ಕಾರವಾರದಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಶಟರ್ ಎಳೆದು ಸೀದಾ ಶಟಲ್ ಕೋರ್ಟಿಗೆ ಹೋಗುತ್ತೇನೆ. ಆಟ ಮುಗಿಯುವಾಗ ಹತ್ತು. ಮನೆಗೆ ಬಂದು ಸ್ನಾನ, ಅನ್ನ, ಬಂಗಡೆ ಸಾರು, ಕೊನೆಗೊಂದು ಲೋಟ ಸೋಲ್ ಕಡಿ. ಅದು ಗಂಟಲಿಗಿಳಿಯದೆ ಊಟ ಮುಗಿದ ಹಾಗೇ ಅನಿಸುವುದಿಲ್ಲ. ಹನ್ನೊಂದರ ಒಳಗೆ ಹಾಸಿಗೆ. ಮೈ ಸುಸ್ತು, ಕಣ್ಣು ಮಾತ್ರ ಕೂಡುವುದಿಲ್ಲ. ಫ್ಯಾನ್ ನೋಡುತ್ತಾ, ಕೈತಪ್ಪಿದ ಪಾಯಿಂಟ್‌ಗಳನ್ನೆಲ್ಲ ಮತ್ತೆ ಆಡುತ್ತಾ ಬಿದ್ದಿರುತ್ತೇನೆ.

ಬೆಳಿಗ್ಗೆ ನೋಡಿದರೆ ಬ್ಯಾಂಡಿನ ಲೆಕ್ಕವೇ ಬೇರೆ. 11:05ಕ್ಕೆ ನಿದ್ದೆ, ಅಂಕ 86! ಚಹಾ ಕೊಡುತ್ತಾ ಹೆಂಡತಿ ಕೇಳುತ್ತಾಳೆ, "ಏನ್ರೀ, ಇವತ್ತು ಎಷ್ಟು ಮಾರ್ಕ್ಸ್?"

ಸಿಟ್ಟು ಬರುವುದು ಇಲ್ಲೇ. ಆಸ್ಪತ್ರೆಯ ನಿದ್ದೆ ಪರೀಕ್ಷೆಯಲ್ಲಿ ತಲೆಗೆ ವೈರ್ ಅಂಟಿಸಿ ಮಿದುಳಿನ ಅಲೆಗಳನ್ನು ನೋಡುತ್ತಾರೆ. ಈ ಬ್ಯಾಂಡಿಗೆ ಗೊತ್ತಾಗುವುದು ಕೈಯ ಅಲುಗಾಟ ಮತ್ತು ಹಸಿರು ಬೆಳಕಿನಿಂದ ಅಳೆದ ಹಾರ್ಟ್ ರೇಟ್. ಅಲುಗಾಡದೆ ಎಚ್ಚರವಾಗಿದ್ದರೆ ಅದನ್ನೂ ನಿದ್ದೆಗೆ ಸೇರಿಸಿಬಿಡುತ್ತದೆ. ಗಾಢ ನಿದ್ದೆ ಇಷ್ಟು ನಿಮಿಷ ಅನ್ನುವುದೂ ಅಂದಾಜೇ. ನಿದ್ದೆ ಬಾರದವನಿಗೆ ಇದನ್ನು ಮಾರುವುದು ಸ್ವಲ್ಪ ಜಾಸ್ತಿಯೇ ಆಯಿತು, ಅಲ್ವಾ?

ಮೂಲೆಗೆ ಎಸೆಯದಂತೆ ತಡೆದದ್ದು ಆ್ಯಪ್‌ನ ಇನ್ನೊಂದು ಪುಟ. ಅಲ್ಲಿ ರಾತ್ರಿಯಿಡೀ ಹಾರ್ಟ್ ರೇಟ್‌ನ ಗೆರೆ ಕಾಣುತ್ತದೆ. ಅಂಕ ಏನೇ ಹೇಳಲಿ, ಈ ಗೆರೆ ನಂಬಬಹುದು. ಸುಮ್ನೆ ಮಲಗಿದವರ ಹಾರ್ಟ್ ರೇಟ್ ಎಣಿಸುವುದು ಇಂಥ ಬ್ಯಾಂಡಿಗೂ ಕಷ್ಟವಲ್ಲ. ಆಡಿ ಬಂದ ರಾತ್ರಿ ಗೆರೆ ನಡುರಾತ್ರಿ ದಾಟಿದರೂ ಮೇಲೆಯೇ ಇರುತ್ತದೆ. ಕೋರ್ಟ್ ಸಿಗದೆ ಟಾಗೋರ್ ಬೀಚಿನಲ್ಲಿ ಚಾಪೆಲ್ ಯುದ್ಧನೌಕೆ ಮ್ಯೂಸಿಯಂವರೆಗೆ ನಡೆದು ಬಂದ ದಿನ, ಮಲಗಿದ ಸ್ವಲ್ಪ ಹೊತ್ತಿಗೇ ಇಳಿಯುತ್ತದೆ.

ಸಂಜೆ ವ್ಯಾಯಾಮವೇ ಕೆಟ್ಟದ್ದು ಅಂತ ಇದರರ್ಥವಲ್ಲ. ಸ್ವಿಟ್ಜರ್ಲೆಂಡಿನ ಸಂಶೋಧಕರು 23 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2018ರಲ್ಲಿ ವರದಿ ಪ್ರಕಟಿಸಿದರು. ಸಂಜೆಯ ವ್ಯಾಯಾಮದಿಂದ ಸಾಮಾನ್ಯವಾಗಿ ನಿದ್ದೆಗೆ ತೊಂದರೆಯಿಲ್ಲ. ಜೋರಾದ ವ್ಯಾಯಾಮ ಮುಗಿಸಿ ಒಂದು ಗಂಟೆಯೊಳಗೆ ಮಲಗಿದರೆ ನಿದ್ದೆ ತಡವಾಗಬಹುದು. ನಿದ್ದೆ ಹತ್ತಲು ಮೈಯೊಳಗಿನ ಬಿಸಿ ಇಳಿಯಬೇಕು, ಹಾರ್ಟ್ ರೇಟೂ ಇಳಿಯಬೇಕು. ನನ್ನ ಹತ್ತು–ಹನ್ನೊಂದರ ಲೆಕ್ಕ ಸರಿಯಾಗಿ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಈಗ ಆಟದ ದಿನ ಸಂಜೆ ತಮ್ಮನನ್ನು ಅಂಗಡಿಯಲ್ಲಿ ಕೂರಿಸಿ ಆರೂವರೆಯ ಸ್ಲಾಟ್‌ಗೆ ಹೋಗುತ್ತೇನೆ. ಗೆರೆ ಬೇಗ ಇಳಿಯುತ್ತಿದೆ, ಕಣ್ಣೂ ಮುಚ್ಚುತ್ತಿದೆ. ವ್ಯಾಪಾರ ಸ್ವಲ್ಪ ಕಡಿಮೆ, ಅದು ಬೇರೆ ಮಾತು.

ಜೊತೆಗೆ ಬರುವ ರಬ್ಬರ್ ಪಟ್ಟಿ ನಮ್ಮ ಕರಾವಳಿಗಲ್ಲ. ಏಪ್ರಿಲ್, ಮೇ ಬೆವರಿಗೆ ಮಣಿಕಟ್ಟು ಕೆಂಪಾಗಿ ತುರಿಸುತ್ತದೆ. ಬಟ್ಟೆ ಪಟ್ಟಿಗೆ ಬೇರೆ ದುಡ್ಡು ಹಾಕಬೇಕು. ಐದಕ್ಕೆ ಮೂರು ಸ್ಟಾರ್. ಆ ಅಂಕ ಕಾಣದ ಹಾಗೆ ಮುಚ್ಚಿಡಲು ಬಿಟ್ಟಿದ್ದರೆ ಇನ್ನರ್ಧ ಕೊಡುತ್ತಿದ್ದೆ.