ಉಚಿತ ವೃದ್ಧಾಶ್ರಮ ಅಂತ ಬೋರ್ಡ್ ಇದ್ದರೂ ರಸೀದಿ ಓದಿ

ಮನೆಯ ಹಿರಿಯರನ್ನು ತುಮಕೂರಿನ ಸುತ್ತಮುತ್ತ ಯಾವುದಾದರೂ ಸೇವಾಶ್ರಮಕ್ಕೆ ಸೇರಿಸುವ ಯೋಚನೆಯಲ್ಲಿದ್ದೀರಾ? ದುಡ್ಡು ಕೊಡುವ ಮುಂಚೆ ಇದನ್ನೊಮ್ಮೆ ಓದಿ. ಇಂಥ ಕಡೆಗೆ ಅಕ್ಕಿ, ಬೇಳೆ, ಒಂದು ಹೊತ್ತಿನ ಊಟ ಅಂತ ದಾನ ಕೊಡುವವರೂ ಓದಿ. ಆಶ್ರಮದ ಹೆಸರು ಹಾಕುತ್ತಿಲ್ಲ. ದೂರು ಇನ್ನೂ ನಡೆಯುತ್ತಿದೆ. ಅಲ್ಲದೆ ಹೆಸರು ಹಾಕಿದರೆ ಜನ ಅದೊಂದನ್ನು ಬಿಟ್ಟು, ಇದೇ ಆಟ ಆಡುವ ಇನ್ನೊಂದು ಕಡೆ ಹೋಗಿ ಸೇರಿಸಿ ಬರುತ್ತಾರೆ.

ವಿಷಯ ನಮ್ಮ ಸೋದರತ್ತೆಯದು. ವಯಸ್ಸು 74. ಗುಬ್ಬಿ ಕಡೆಯ ಹಳ್ಳಿ. ಮಕ್ಕಳಿಲ್ಲ. ಮಾವ ತೀರಿಕೊಂಡ ಮೇಲೆ ಒಂದು ಹೆಂಚಿನ ಮನೆ, ಒಂದಷ್ಟು ತೆಂಗಿನ ಮರ, ತಿಂಗಳಿಗೆ 1,200 ರೂಪಾಯಿ ಸಂಧ್ಯಾ ಸುರಕ್ಷಾ ಪಿಂಚಣಿ, ಇಷ್ಟರಲ್ಲೇ ಒಬ್ಬರೇ ಇದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ ಒಬ್ಬರೇ ಇರುವುದು ಕಷ್ಟವಾಯಿತು. ನಮ್ಮ ಮನೆಗೆ ಬನ್ನಿ ಅಂದರೆ ಒಪ್ಪಲಿಲ್ಲ. ‘ಯಾರ ಮನೆ ಬಾಗಿಲಲ್ಲೂ ಬೀಳಲ್ಲ ಕಣವ್ವ’ ಅನ್ನುವ ಜಾತಿ. ಸಿದ್ಧಗಂಗೆ ಜಾತ್ರೆಯ ಜನಜಂಗುಳಿಯಲ್ಲಿ ಯಾರೋ ಕೈಗೆ ಕೊಟ್ಟ ಕರಪತ್ರ ಅವರ ಹತ್ತಿರ ಇತ್ತು. ‘ನಿರ್ಗತಿಕ ಹಿರಿಯರಿಗೆ ಉಚಿತ ಆಶ್ರಯ’ ಅಂತ ಅದರಲ್ಲಿತ್ತು. ತಾವೇ ಹೋಗಿ ನೋಡಿಕೊಂಡು ಬಂದು, ತಾವೇ ನಿರ್ಧಾರ ಮಾಡಿದರು.

ನೋಡಲು ಜಾಗ ಚೆನ್ನಾಗಿಯೇ ಇತ್ತು. ಮುಂದೆ ತುಳಸಿಕಟ್ಟೆ, ಆಫೀಸಿನಲ್ಲಿ ಶಿವಕುಮಾರ ಸ್ವಾಮಿಗಳ ದೊಡ್ಡ ಫೋಟೋ. ಅವರ ಸಿದ್ಧಗಂಗಾ ಮಠಕ್ಕೂ ಆ ಆಶ್ರಮಕ್ಕೂ ಯಾವ ಸಂಬಂಧವೂ ಇಲ್ಲ, ಅದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಆದರೆ ಮಠದಲ್ಲಿ ದಿನಾ ಸಾವಿರಾರು ಮಕ್ಕಳು ಊಟ ಮಾಡುವುದನ್ನು ನೋಡಿಕೊಂಡೇ ಬೆಳೆದ ಊರು ಇದು. ಇಲ್ಲಿ ದಾಸೋಹ ಅಂದರೆ ಲೆಕ್ಕ ಕೇಳುವ ರೂಢಿ ಇಲ್ಲ. ಕೇಳಿದರೆ ಪಾಪ ಅನ್ನಿಸುತ್ತದೆ. ಆ ಸಂಕೋಚದ ಮೇಲೆಯೇ ಇಂಥವರ ಬದುಕು ನಡೆಯುವುದು.

ಸೇರುವ ದಿನ ‘ಉಚಿತ’ದ ಜೊತೆಗೆ ಇನ್ನೊಂದು ಮಾತು ಬಂತು. ಕಟ್ಟಡಕ್ಕೆ ಅಭಿವೃದ್ಧಿ ನಿಧಿ ಅಂತ ಒಂದೂವರೆ ಲಕ್ಷ ಕೊಟ್ಟರೆ ಜೀವ ಇರುವವರೆಗೂ ಊಟ, ಔಷಧಿ, ಆರೈಕೆ ಎಲ್ಲ ಅವರದೇ. ಮಧ್ಯೆ ಬಿಟ್ಟು ಹೋದರೆ ದುಡ್ಡು ವಾಪಸ್. ವ್ಯವಸ್ಥಾಪಕರು ಇದನ್ನು ಬಾಯಲ್ಲಿ ಹೇಳಿದರು. ವಾಟ್ಸಾಪ್‌ನಲ್ಲಿ ಅತ್ತೆಯ ಮೈದುನನ ಮಗನಿಗೆ ವಾಯ್ಸ್ ಮೆಸೇಜ್ ಕೂಡ ಕಳಿಸಿದರು. ವರ್ಷಗಟ್ಟಲೆ ಕೊಬ್ಬರಿ ಮಾರಿ ಕೂಡಿಟ್ಟಿದ್ದ ಹಣವನ್ನು ಅತ್ತೆ ನಗದಾಗಿ ಎಣಿಸಿ ಕೊಟ್ಟರು. ಚೆಕ್ ಬೇಡ ಅಂದಿದ್ದು ಆಶ್ರಮದವರೇ.

ರಸೀದಿಯಲ್ಲಿ ಏನಿತ್ತು ಗೊತ್ತಾ? ‘ಸ್ವ-ಇಚ್ಛೆಯಿಂದ ನೀಡಿದ ದೇಣಿಗೆ.’ ಠೇವಣಿ ಅನ್ನುವ ಮಾತೇ ಇಲ್ಲ, ವಾಪಸ್ ಅನ್ನುವ ಮಾತೂ ಇಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ ‘80ಜಿ ತೆರಿಗೆ ವಿನಾಯಿತಿ ಉಂಟು’ ಅಂತ ಬೇರೆ, ಅಂದರೆ ದಾನಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಅಂತ. ಆದಾಯ ತೆರಿಗೆ ಇಲಾಖೆ ಕೊಟ್ಟ ನೋಂದಣಿ ಸಂಖ್ಯೆ ಎಲ್ಲೂ ಇರಲಿಲ್ಲ. ನಿಜವಾಗಿ ನೋಂದಣಿ ಇದ್ದಿದ್ದರೂ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆ ವಿನಾಯಿತಿ ಸಿಗುವುದಿಲ್ಲ. ಒಂದೂವರೆ ಲಕ್ಷ ನಗದು ತೆಗೆದುಕೊಂಡು ಅದೇ ಕಾಗದದ ಮೇಲೆ 80ಜಿ ಅಂತ ಅಚ್ಚು ಹಾಕಿಸುವವರು ಒಂದೋ ಕಾನೂನು ಗೊತ್ತಿಲ್ಲದವರು, ಇಲ್ಲವೇ ನಮಗೆ ಗೊತ್ತಿಲ್ಲ ಅಂತ ಗೊತ್ತಿರುವವರು.

ಮೊದಲ ಕೆಲವು ವಾರ ತೊಂದರೆ ಇರಲಿಲ್ಲ. ಆಮೇಲೆ ಒಂದೊಂದೇ ವಸ್ತು ಅತ್ತೆಯ ಕೈಯಿಂದ ಹೋಯಿತು. ಕಳೆದುಹೋಗುತ್ತೆ ಅಂತ ಫೋನ್ ಆಫೀಸಿಗೆ ಹೋಯಿತು. ಪಿಂಚಣಿ ನಾವೇ ತಂದುಕೊಡುತ್ತೇವೆ ಅಂತ ಪಾಸ್‌ಬುಕ್, ಎಟಿಎಂ ಕಾರ್ಡ್, ಪಿನ್ ನಂಬರ್ ಹೋದವು. ದಾಖಲೆಗೆ ಬೇಕು ಅಂತ ಮೂಲ ಆಧಾರ್ ಹೋಯಿತು. ಭೇಟಿ ಭಾನುವಾರ ಮಧ್ಯಾಹ್ನ ಮಾತ್ರ, ಅದೂ ಹಾಲ್‌ನಲ್ಲಿ, ಎಲ್ಲರ ಎದುರಿಗೆ. ಮಲಗುವ ಕೋಣೆಗೆ ನಮ್ಮನ್ನು ಬಿಡುತ್ತಿರಲಿಲ್ಲ. ಬೇರೆಯವರಿಗೆ ತೊಂದರೆ ಆಗುತ್ತೆ ಅನ್ನುವ ಕಾರಣ ಕೇಳಿದರೆ ಸರಿಯೇ ಅನ್ನಿಸುತ್ತದೆ. ಆದರೆ ರಾತ್ರಿ ಅಷ್ಟೂ ಜನಕ್ಕೆ ಒಬ್ಬಳೇ ಆಯಾ ಇದ್ದಳು. ಎದ್ದು ಓಡಾಡಲಾಗದವರು ಬೆಳಗಿನವರೆಗೂ ಒದ್ದೆ ಬಟ್ಟೆಯಲ್ಲೇ ಮಲಗಿರುತ್ತಿದ್ದರು. ಅತ್ತೆಯ ಬಿಪಿ ಮಾತ್ರೆ ದಿನ ಬಿಟ್ಟು ದಿನ ಕೊಡುತ್ತಿದ್ದರು. ಇದೆಲ್ಲ ನಮಗೆ ಗೊತ್ತಾಗಿದ್ದು ಅತ್ತೆ ಹೊರಗೆ ಬಂದ ಮೇಲೆ. ಅಲ್ಲಿದ್ದಾಗ ಕೇಳಿದರೆ ‘ಚೆನ್ನಾಗಿದೀನಿ’ ಅನ್ನುತ್ತಿದ್ದರು. ಪಕ್ಕದಲ್ಲಿ ವ್ಯವಸ್ಥಾಪಕರು ಕೂತಿರುವಾಗ ಇನ್ನೇನು ಹೇಳುತ್ತಾರೆ?

ದಾನ ಕೊಡುವವರಿಗೆ ಹೇಳಬೇಕಾದ ಮಾತು ಇಲ್ಲಿದೆ. ಹುಟ್ಟಿದ ಹಬ್ಬ, ಮದುವೆ ದಿನ, ಹಿರಿಯರ ತಿಥಿ ಅಂತ ನಾವೆಲ್ಲ ಒಂದು ಹೊತ್ತಿನ ಊಟಕ್ಕೆ ದುಡ್ಡು ಕೊಡುತ್ತೇವಲ್ಲ, ಆ ಆಶ್ರಮದಲ್ಲಿ ಒಂದೇ ಊಟವನ್ನು ಹಲವರಿಗೆ ಮಾರುತ್ತಿದ್ದರು. ಜನವರಿ 21, ಶ್ರೀಗಳ ಪುಣ್ಯಸ್ಮರಣೆಯ ದಿನ, ಅತ್ತೆ ಹೇಳಿದ್ದು ಹೀಗೆ: ‘ಮೂರು ಸಲ ಎಲೆ ಹಾಕಿದ್ರು ಕಣವ್ವ, ಒಂದು ಸಲ ಬಡಿಸಿದ್ರು.’ ಪ್ರತಿ ಸಲವೂ ಹಿಂದೆ ಕಟ್ಟಿದ ಬ್ಯಾನರ್ ಬದಲಾಗುತ್ತಿತ್ತು. ಎಲೆಯ ತುದಿಗೆ ಉಪ್ಪು, ಕೋಸಂಬರಿ, ಒಂದು ಹೋಳಿಗೆ ಇಟ್ಟು ಫೋಟೋ ತೆಗೆದು, ಮತ್ತೆ ಎತ್ತಿಕೊಳ್ಳುತ್ತಿದ್ದರು. ಆ ಫೋಟೋ ದಾನಿಗಳ ವಾಟ್ಸಾಪ್‌ಗೆ ಹೋಗುತ್ತಿತ್ತು. ನಿಮಗೂ ಬಂದಿರಬಹುದು. ಒಂದು ಹೊತ್ತಿನ ಊಟ ಕೊಡುವ ಮನಸ್ಸಿದ್ದರೆ ಆ ದಿನ ಹೋಗಿ ಪಂಕ್ತಿಯಲ್ಲಿ ಕೂತು ಊಟ ಮಾಡಿ ಬನ್ನಿ. ಬರಬೇಡಿ ಅಂದರೆ ದುಡ್ಡು ಕೊಡಬೇಡಿ.

ನಮಗೆ ಅನುಮಾನ ಬಂದಿದ್ದು ಊಟದಿಂದಲ್ಲ, ಪಂಚಾಯಿತಿಯಿಂದ. ಅತ್ತೆಯ ಮನೆಗೆ ಇ-ಸ್ವತ್ತು, ಅಂದರೆ ಪಂಚಾಯಿತಿಯ ಕಂಪ್ಯೂಟರ್ ಆಸ್ತಿ ದಾಖಲೆ, ಆಗಿರಲಿಲ್ಲ. ಊರಲ್ಲಿ ಎಷ್ಟೋ ಮನೆಗಳಿಗೆ ಆಗಿಲ್ಲ. ಇದ್ದಕ್ಕಿದ್ದಂತೆ ಆಶ್ರಮದ ಕಡೆಯವರೊಬ್ಬರು ಆ ದಾಖಲೆಯ ನಮೂನೆ 9 ಮತ್ತು 11 ಮಾಡಿಸಲು ಪಂಚಾಯಿತಿ ಕಚೇರಿಗೆ ಓಡಾಡುತ್ತಿದ್ದಾರೆ ಅಂತ ಊರಿನಿಂದ ಫೋನ್ ಬಂತು. ಖರ್ಚೂ ಅವರದೇ. ಆಶ್ರಮಕ್ಕೆ ಅತ್ತೆಯ ಮನೆಯ ಖಾತೆ ಯಾಕೆ ಬೇಕು? ವಿಚಾರಿಸಿದಾಗ ದಾನಪತ್ರದ ಕರಡು ಆಗಲೇ ತಯಾರಾಗಿತ್ತು. ಮನೆ, ಹಿತ್ತಲು ಎರಡೂ ಟ್ರಸ್ಟ್ ಹೆಸರಿಗೆ. ‘ಪ್ರೀತಿ ವಿಶ್ವಾಸದಿಂದ’ ಕೊಟ್ಟಿದ್ದೇನೆ ಅನ್ನುವ ಮಾಮೂಲಿ ಸಾಲು ಇತ್ತು. ಅದಕ್ಕೆ ಪ್ರತಿಯಾಗಿ ಅತ್ತೆಯನ್ನು ಸಾಯುವವರೆಗೂ ನೋಡಿಕೊಳ್ಳುತ್ತೇವೆ ಅನ್ನುವ ಒಂದು ಸಾಲೂ ಇರಲಿಲ್ಲ. ಅತ್ತೆಗೆ ಹೇಳಿದ್ದು ಮಾತ್ರ ‘ಪಿಂಚಣಿ ಕಾಗದ, ಒಂದು ಸೈನ್ ಬೇಕು’ ಅಂತ.

ಆ ಒಂದು ಸಾಲು ಎಷ್ಟು ಮುಖ್ಯ ಅಂತ ಎಲ್ಲರೂ ತಿಳಿದಿರಬೇಕು. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣಕ್ಕೆ 2007ರ ಕಾಯ್ದೆ ಇದೆ. ಅದರ 23ನೇ ಕಲಂ ಪ್ರಕಾರ, 60 ದಾಟಿದವರು ತಮ್ಮನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ತೆಗೆದುಕೊಂಡವರು ನೋಡಿಕೊಳ್ಳದೇ ಹೋದರೆ, ಆ ಪತ್ರವನ್ನು ನ್ಯಾಯಮಂಡಳಿ ರದ್ದು ಮಾಡಬಹುದು. ತೆಗೆದುಕೊಂಡವರು ಮಕ್ಕಳೇ ಆಗಿರಬೇಕು ಅಂತಿಲ್ಲ. ಆದರೆ ಷರತ್ತು ಇತ್ತು ಅಂತ ತೋರಿಸಬೇಕು. ಷರತ್ತೇ ಇಲ್ಲದಿದ್ದರೆ ಈ ಕಲಂ ಕೆಲಸಕ್ಕೆ ಬರುವುದಿಲ್ಲ ಅಂತ 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ ಅದೇ ಕೋರ್ಟ್ ಹಿರಿಯರ ಪರ ಉದಾರವಾಗಿ ನೋಡಿತು. ಅಲ್ಲಿ ತಾಯಿಯನ್ನು ನೋಡಿಕೊಳ್ಳುತ್ತೇನೆ ಅಂತ ಮಗ ಬೇರೆ ಕಾಗದದಲ್ಲಿ ಬರೆದುಕೊಟ್ಟಿದ್ದ. ಅತ್ತೆಯ ಕರಡಿನಲ್ಲಿ ಷರತ್ತೂ ಇರಲಿಲ್ಲ, ಬೇರೆ ಕಾಗದವೂ ಇರಲಿಲ್ಲ. ಸಹಿ ಬಿದ್ದಿದ್ದರೆ ಮನೆ ಹೋದ ಹಾಗೇ. ದಾನಪತ್ರ ನೋಂದಣಿ ಆದ ಮೇಲೆ ಮನಸ್ಸು ಬದಲಾಯಿತು ಅಂತ ಸುಮ್ನೆ ವಾಪಸ್ ಪಡೆಯಲು ಆಗುವುದಿಲ್ಲ. ಕೊಡಲೇಬೇಕು ಅಂತ ಹಿರಿಯರಿಗೆ ಮನಸ್ಸಿದ್ದರೆ ಉಯಿಲು ಬರೆಯಲಿ. ಬದುಕಿರುವವರೆಗೂ ಅದನ್ನು ಬದಲಾಯಿಸಬಹುದು.

ಅತ್ತೆಯನ್ನು ಕರೆದುಕೊಂಡು ಬರಲು ಹೋದಾಗ ಬಾಗಿಲಲ್ಲೇ ಜಗಳ. ಕಾರ್ಯದರ್ಶಿ ನಗುತ್ತಲೇ ಕೇಳಿದರು, ‘ದೇವರ ಹುಂಡಿಗೆ ಹಾಕಿದ ದುಡ್ಡು ಯಾರಾದರೂ ವಾಪಸ್ ಕೇಳ್ತಾರೇನಮ್ಮ?’ ರಸೀದಿ ತೋರಿಸಿದ್ದೂ ಅವರೇ. ಠಾಣೆಗೆ ಹೋಗುತ್ತೇವೆ ಅಂದ ಮೇಲೆ ಆಧಾರ್, ಕಾರ್ಡ್, ಪಾಸ್‌ಬುಕ್ ಹೊರಗೆ ಬಂದವು. ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿದರೆ ಪ್ರತಿ ತಿಂಗಳೂ ಪಿಂಚಣಿ ಬಿದ್ದ ಒಂದೆರಡು ದಿನದಲ್ಲೇ ಡ್ರಾ ಆಗಿದೆ. ಅತ್ತೆಯ ಕೈಗೆ ಬಂದಿದ್ದು ಆಗೊಮ್ಮೆ ಈಗೊಮ್ಮೆ ಎಲೆಅಡಿಕೆಗೆ ಅಂತ ಇಪ್ಪತ್ತು ರೂಪಾಯಿ.

ಬೋರ್ಡಿನ ಮೇಲಿದ್ದ ‘ಸರ್ಕಾರದಿಂದ ನೋಂದಾಯಿತ’ದ ಕಥೆ ಆಮೇಲೆ ತಿಳಿಯಿತು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಟ್ರಸ್ಟ್ ಪತ್ರ ನೋಂದಣಿ ಮಾಡಿಸಿದ್ದಾರೆ, ಅಷ್ಟೇ. ಅಲ್ಲಿ ಪತ್ರ ನೋಂದಣಿ ಮಾಡುತ್ತಾರೆಯೇ ಹೊರತು ಆಶ್ರಮ ಹೇಗೆ ನಡೆಯುತ್ತಿದೆ ಅಂತ ಯಾರೂ ಬಂದು ನೋಡುವುದಿಲ್ಲ. ನೀತಿ ಆಯೋಗದ ದರ್ಪಣ್ ಸಂಖ್ಯೆ ತೋರಿಸುವವರೂ ಇದ್ದಾರೆ. ಅದು ಸಂಸ್ಥೆಯವರೇ ವಿವರ ತುಂಬಿ ಪಡೆಯುವ ಸಂಖ್ಯೆ, ಒಳ್ಳೆಯ ಆಶ್ರಮ ಅನ್ನುವ ಸರ್ಟಿಫಿಕೇಟ್ ಅಲ್ಲ. ಸಂಘ-ಸಂಸ್ಥೆಗಳ ನೋಂದಣಿ ಕಾಯ್ದೆಯಲ್ಲಿ ನೋಂದಣಿಯಾದ ಸಂಘವಾದರೆ ಪ್ರತಿ ವರ್ಷ ಲೆಕ್ಕಪತ್ರವನ್ನು ಜಿಲ್ಲಾ ನೋಂದಣಾಧಿಕಾರಿಗೆ ಕೊಡಬೇಕು. ಹಾಗಾಗಿ ಟ್ರಸ್ಟೋ ಸಂಘವೋ ಅಂತ ಮೊದಲು ಕೇಳಿ. ಜಿಲ್ಲೆಯ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಗೆ ಹೋದರೆ ಯಾವ ವೃದ್ಧಾಶ್ರಮಗಳಿಗೆ ಸರ್ಕಾರದ ಅನುದಾನ ಹೋಗುತ್ತಿದೆ ಅಂತ ವಿಚಾರಿಸಬಹುದು. ನಾವು ದೂರು ಕೊಟ್ಟಿದ್ದೂ ಮೊದಲು ಅಲ್ಲೇ. ಅನುದಾನ ಪಡೆಯುವ ಕಡೆ ಎಲ್ಲವೂ ಚೆನ್ನಾಗಿರುತ್ತದೆ ಅಂತ ನಾನು ಹೇಳುವುದಿಲ್ಲ. ಹೋಗಿ ಪ್ರಶ್ನೆ ಕೇಳಬಲ್ಲ ಒಬ್ಬ ಅಧಿಕಾರಿಯಾದರೂ ಇರುತ್ತಾರೆ.

ಯಾರಿಗೆ ಹೇಳಬೇಕು ಅಂತ ತಿಳಿಯದಿದ್ದರೆ 14567ಕ್ಕೆ ಫೋನ್ ಮಾಡಿ. ಹಿರಿಯರಿಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ, ಕರೆಗೆ ದುಡ್ಡು ಕೊಡಬೇಕಿಲ್ಲ. ಆಸ್ತಿ ಬರೆದುಕೊಟ್ಟಾಗಿದ್ದರೆ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಿ, ಮೇಲೆ ಹೇಳಿದ ನ್ಯಾಯಮಂಡಳಿ ಅವರದೇ. ನಮ್ಮ ಜಿಲ್ಲೆಯಲ್ಲಿ ತುಮಕೂರು, ತಿಪಟೂರು, ಮಧುಗಿರಿಯಲ್ಲಿ ಉಪವಿಭಾಗದ ಕಚೇರಿಗಳಿವೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಮಕ್ಕಳಿಲ್ಲದ ಹಿರಿಯರು ತಮ್ಮ ಆಸ್ತಿ ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ಸಂಬಂಧಿಕರಿಂದಲೂ ಜೀವನಾಂಶ ಕೇಳಬಹುದು. ಅತ್ತೆಯ ಮೈದುನನ ಮಗನಿಗೆ ಈ ಮಾತು ಹೇಳಿದ ಮೇಲೆ ತೆಂಗಿನಕಾಯಿ ಲೆಕ್ಕ ತಾನಾಗಿಯೇ ಸರಿಯಾಗಿ ಬರುತ್ತಿದೆ!

ಒಂದೂವರೆ ಲಕ್ಷದಲ್ಲಿ ನಲವತ್ತು ಸಾವಿರ ಮಾತ್ರ ವಾಪಸ್ ಬಂದಿದೆ. ಉಳಿದದ್ದಕ್ಕೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿದ್ದೇವೆ. ಪುಕ್ಕಟೆ ಸೇವೆ ಗ್ರಾಹಕ ಕಾಯ್ದೆಯ ಕೆಳಗೆ ಬರುವುದಿಲ್ಲ. ಆಶ್ರಮದವರ ವಾದವೂ ಅದೇ: ನಾವು ಮಾಡಿದ್ದು ಉಚಿತ ಸೇವೆ, ಅವರು ಕೊಟ್ಟಿದ್ದು ದೇಣಿಗೆ. ನಮ್ಮ ಕೈಯಲ್ಲಿ ಇರುವುದು ಆ ವಾಯ್ಸ್ ಮೆಸೇಜ್ ಒಂದೇ. ‘ಬಿಟ್ಟು ಹೋದರೆ ದುಡ್ಡು ವಾಪಸ್’ ಅಂತ ಅದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ನಿಮ್ಮ ಮನೆಯವರಿಗೂ ಠೇವಣಿ ಅಂತ ಹೇಳಿ ದೇಣಿಗೆ ರಸೀದಿ ಕೊಟ್ಟಿದ್ದರೆ ಅದನ್ನು ಎಸೆಯಬೇಡಿ, ಮೆಸೇಜ್‌ಗಳನ್ನು ಅಳಿಸಬೇಡಿ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಗಡುವು ಇದೆ. ಎಷ್ಟೋ ಮನೆಯವರು ‘ಹೋಗಲಿ ಬಿಡು, ದೇವರ ಕೆಲಸಕ್ಕೆ ಹೋಯಿತು’ ಅಂತ ಸುಮ್ಮನಾಗುವಷ್ಟರಲ್ಲಿ ಆ ಗಡುವು ಮುಗಿದಿರುತ್ತದೆ.